ಬೋರ್ ಪಾಯಿಂಟ್ ತೋರ್ಸೋ ತೆಂಗಿನಕಾಯಿ, ಮತ್ತ ಅತೀಂದ್ರಿಯ ಶಕ್ತಿ ಹುಡುಕಾಕ ಹೊಂಟ ವಿಜ್ಞಾನ

ಹೋದ ವರ್ಷ ಯುಗಾದಿ ಮುಗದು ಒಂದು ವಾರ ಆಗಿತ್ತು, ಗದಗ ತಾಲೂಕಿನ್ಯಾಗ ನಮ್ಮ ಕಾಕಾನ ಹೊಲದಾಗ ಮೂರನೇ ಬೋರು ಫೇಲ್ ಆತು. ಮೊದಲ್ನೇದು 380 ಫೂಟ್, ಎರಡನೇದು 450, ಮೂರನೇದು 560 ಫೂಟ್ ಇಳಿದ್ರೂ ಬರೇ ಬೂದಿ ಬಣ್ಣದ ಪುಡಿ ಹಾರ್ತಿತ್ತು, ಹಸಿ ಅನ್ನೋದ ಇಲ್ಲ. ರಿಗ್ ಲಾರಿ ಹುಡುಗ ಮುಖಕ್ಕ ಟವೆಲ್ ಸುತ್ಕೊಂಡು ಬಂದು "ಇನ್ನೊಂದು ಐವತ್ತು ಫೂಟ್ ಬಿಡೂಣೇನ್ರಿ" ಅಂತ ಕೇಳ್ದ, ಕಾಕಾ ಬಾಯಿ ಬಿಡ್ಲಿಲ್ಲ, ಕೈ ಮಾಡಿ ನಿಲ್ಸು ಅಂದ. ಕಾಕು ಬದುವಿನ ಮ್ಯಾಲ ಕುಂತು, ಮುಂಜಾನೆ ಪೂಜಾ ಮಾಡಿ ಇಟ್ಟಿದ್ದ ನಿಂಬಿಹಣ್ಣು ನೋಡ್ಕೋತ ಇದ್ಲು. 300 ಫೂಟ್ ದಾಟಿದ ಮ್ಯಾಲ ಫೂಟಿಗೆ ರೇಟು ಏರ್ಕೋತ ಹೋಗ್ತದ, ಅದರ ಜೊತಿ ಕೇಸಿಂಗ್ ಪೈಪು, ಲಾರಿ ಬಾಡಿಗಿ, ಎಲ್ಲಾ ಸೇರಿ ಮೂರು ಬೋರಿಗೆ ಎರಡು ವರ್ಷದ ಉಳ್ಳಾಗಡ್ಡಿ ರೊಕ್ಕ ಮಣ್ಣಾಗ ಹೋತು. ಮೂರಕ್ಕೂ ಪಾಯಿಂಟ್ ಕೊಟ್ಟಾವ್ರು ಒಬ್ಬರ, ಅಂಗೈ ಮ್ಯಾಲ ತೆಂಗಿನಕಾಯಿ ಇಟ್ಕೊಂಡು ಜಲ ನೋಡೋ ಹಿರಿಯರು.

ಆ ಹಿರಿಯರು ಮೋಸಗಾರರಲ್ಲ, ಇದನ್ನ ಮೊದಲ ಹೇಳ್ಬೇಕು. ಮೂರನೇ ಬೋರು ಫೇಲ್ ಆದಾಗ ಕೊಟ್ಟ ರೊಕ್ಕ ವಾಪಸ್ ಕೊಡಾಕ ತಾವಾಗೇ ಬಂದಿದ್ರು, ಕಾಕಾ ತಗೋಲಿಲ್ಲ. ಅವ್ರು ಪೂರಾ ನಂಬ್ಯಾರ, ಕಾಯಿ ಏಳೋದನ್ನ ನಾನೂ ಕಣ್ಣಾರೆ ನೋಡೀನಿ. ಹೊಲದ ತುಂಬ ಬರಿಗಾಲಲೇ ನಡೀತಾರ, ಅಂಗೈ ಮ್ಯಾಲ ಜುಟ್ಟಿನ ಕಾಯಿ ಅಡ್ಡ ಮಲಗಿರ್ತದ, ಒಂದು ಜಾಗಕ್ಕ ಬಂದ ಕೂಡ್ಲೇ ಜುಟ್ಟು ಅಲ್ಲಾಡ್ತದ, ಆಮ್ಯಾಲ ನಿಧಾನ ಕಾಯಿ ಎದ್ದು ನಿಲ್ತದ, ನೆರೆದ ಮಂದಿ ಎಲ್ಲಾರೂ ಒಮ್ಮೆ ಉಸಿರು ಹಿಡೀತಾರ. ಅದನ್ನ ಕಂಡಾಗ ಮೈ ಜುಮ್ ಅಂತದ, ಸುಳ್ಳು ಹೇಳೂದಿಲ್ಲ. ನಮ್ಮ ಕಡೆ ಗದಗ, ಹಾವೇರಿ, ಧಾರವಾಡ ಎಲ್ಲಿ ಹೋದ್ರೂ ಬೋರು ಹಾಕ್ಸೋ ಮುಂದ ಕಾಯಿ ಹಿಡಿಯೋರು, ಬೇವಿನ ಕವಲು ಕಡ್ಡಿ ಹಿಡಿಯೋರು, ಈಗೀಗ ತಾಮ್ರದ ತಂತಿ ಬಗ್ಸಿ ಹಿಡಿಯೋರು, ಇವರಲ್ಲಿ ಯಾರನ್ನಾದ್ರೂ ಕರಸ್ದ ಇರೋ ಮನಿ ಸಿಗೂದು ಕಷ್ಟ. ನನ್ನ ಪ್ರಶ್ನೆ ಇಷ್ಟ ಐತಿ: ಕಾಯಿ ಏಳೂದು ಖರೆ, ಆದ್ರ ಅದನ್ನ ಎಬ್ಬಿಸೂದು ನೀರೋ, ಕೈಯೋ? ಇದನ್ನ ಪತ್ತೆ ಹಚ್ಚೋ ದಾರಿ ನಮಗ ಹೊಸದಾಗಿ ಹುಡುಕೂದು ಬೇಕಾಗಿಲ್ಲ. ಸುಮಾರು ಇನ್ನೂರು ವರ್ಷದಿಂದ ದೊಡ್ಡ ದೊಡ್ಡ ವಿಜ್ಞಾನಿಗಳು ಇಂಥಾ ಶಕ್ತಿ ಖರೇನ ಐತೇನು ಅಂತ ಹುಡುಕ್ಯಾರ, ಎಷ್ಟೋ ಮಂದಿ ಐತಿ ಅಂತ ನಂಬೇ ಹುಡುಕ್ಯಾರ, ಆ ಕಥಿ ನಮ್ಮ ಹೊಲಕ್ಕ ನೇರ ಬಂದು ಮುಟ್ತದ.

ಶುರುವಾತಿಗೆ ಹೋದ್ರ ಫ್ರಾನ್ಸಿನ ಕೆಮಿಸ್ಟ್ ಶೆವ್ರೋಲ್ ಸಿಗ್ತಾರ. ದಾರಕ್ಕ ಉಂಗುರ ಕಟ್ಟಿ ಪಾದರಸದ ಮ್ಯಾಲ ಹಿಡಿದ್ರ ತಾನಾಗೇ ತೂಗ್ತದ ಅಂತ ಆಗ ಮಂದಿ ಹೇಳ್ತಿದ್ರು, ಇವ್ರು ತಾವ ಹಿಡಿದು ನೋಡಿದ್ರ ಖರೇನ ತೂಗ್ತು. ಆಮ್ಯಾಲ ಕಣ್ಣಿಗೆ ಬಟ್ಟಿ ಕಟ್ಕೊಂಡು ಹಿಡಿದ್ರು, ತೂಗೂದು ನಿಂತ್ತು. 1833ರಾಗ ಇದನ್ನ ಪತ್ರದಾಗ ಬರದು ಪ್ರಕಟ ಮಾಡಿದ್ರು. ಅವರ ಕೈಯ ಅವರಿಗೆ ಗೊತ್ತಿಲ್ದಂಗ ಅಲ್ಲಾಡ್ಸ್ತಿತ್ತು, ಕಣ್ಣು ಕೈಗೆ ಸುದ್ದಿ ಮುಟ್ಟಿಸ್ತಿತ್ತು, ನಡುವ ಮನಸ್ಸಿಗೆ ಖಬರು ಇರ್ಲಿಲ್ಲ.

20 ವರ್ಷ ಬಿಟ್ಟು ಇಂಗ್ಲೆಂಡಿನ್ಯಾಗ ಆತ್ಮ ಕರೆಯೋ ಹುಚ್ಚು ಹಬ್ಬಿತ್ತು, ಮಂದಿ ಟೇಬಲ್ ಸುತ್ತ ಕುಂತು ಕೈ ಇಟ್ರ ಟೇಬಲ್ ತಿರಗ್ತಿತ್ತು. 1853ರಾಗ ಮೈಕೇಲ್ ಫ್ಯಾರಡೆ, ಕರೆಂಟಿನ ಫ್ಯಾರಡೆನ, ಇದನ್ನ ಪರೀಕ್ಷೆ ಮಾಡಿದ್ರು. ಒಂದರ ಮ್ಯಾಲ ಒಂದು ರಟ್ಟು ಇಟ್ಟು ನಡುವ ಮೆತ್ತನ್ನ ಅಂಟು ಹಚ್ಚಿದ್ರು. ಟೇಬಲ್ ತಾನಾಗೇ ತಿರಗಿದ್ರ ಕೆಳಗಿನ ರಟ್ಟು ಮೊದ್ಲ ಸರೀಬೇಕು, ಕೈ ದೂಡಿದ್ರ ಮ್ಯಾಲಿನ ರಟ್ಟು ಮೊದ್ಲ ಸರೀತದ. ಮ್ಯಾಲಿಂದ ಮೊದ್ಲ ಸರದಿತ್ತು. ಆಮ್ಯಾಲ ಒಂದು ಕಡ್ಡಿ ಸಿಕ್ಕಿಸಿ, ಕೈ ಎಷ್ಟರೆ ದೂಡಿದ್ರೂ ಕಡ್ಡಿ ವಾಲಿ ತೋರ್ಸೋ ಹಂಗ ಮಾಡಿ, ಅದು ಕುಂತವರ ಕಣ್ಣಿಗೆ ಕಾಣೋ ಹಂಗ ಇಟ್ರು. ಟೇಬಲ್ ತಿರಗೂದು ನಿಂತ ಬಿಡ್ತು, ಯಾಕಂದ್ರ ತಾವು ದೂಡಾಕತ್ತೀವಿ ಅಂತ ಅವರಿಗೆ ಮೊದಲ ಸಲ ಗೊತ್ತಾತು. ಅಲ್ಲಿ ಕುಂತವರೆಲ್ಲಾ ಸಭ್ಯ ಮಂದಿ, ಒಬ್ಬರೂ ಬೇಕಂತ ಮಾಡಿದ್ದಲ್ಲ. ಇಂಥಾ ಅರಿವಿಲ್ಲದ ಚಲನೆಗೆ ಅದರ ಹಿಂದಿನ ವರ್ಷಾನ ವಿಲಿಯಂ ಕಾರ್ಪೆಂಟರ್ ಅನ್ನೋ ಡಾಕ್ಟರು ಐಡಿಯೋಮೋಟರ್ ಅಂತ ಹೆಸರಿಟ್ಟಿದ್ರು. ಕವಲು ಕಡ್ಡಿ ಹಿಡಿಯೋರ ಕೈ ಒಮ್ಮೆ ಹತ್ರದಿಂದ ನೋಡ್ರಿ, ಎರಡೂ ಕವಲನ್ನ ಹೊರಗ ಜಗ್ಗಿ ಹಿಡಿದಿರ್ತಾರ, ಬಿಲ್ಲಿನಂಗ ಬಿಗಿ ತುಂಬಿರ್ತದ, ಮಣಿಕಟ್ಟು ಎಳ್ಳಷ್ಟು ತಿರಗಿದ್ರೂ ಕಡ್ಡಿ ಫಟ್ ಅಂತ ಕೆಳಗ ಬೀಳ್ತದ. ಕಾಯಿನೂ ಅಷ್ಟ, ಉರುಟಿರೋ ಕಾಯಿ ಅಂಗೈ ಮ್ಯಾಲ ಗಟ್ಟಿ ಕೂಡೂದಿಲ್ಲ, ಬೆರಳು ಚೂರು ಮಡಚಿದ್ರ ಸಾಕು.

1882ರಾಗ ಲಂಡನ್ನಿನ್ಯಾಗ ಅತೀಂದ್ರಿಯ ಸಂಶೋಧನಾ ಸಂಘ ಶುರು ಆತು, ಕೇಂಬ್ರಿಜ್ ಪ್ರೊಫೆಸರ್ ಹೆನ್ರಿ ಸಿಜ್ವಿಕ್ ಮೊದಲ್ನೇ ಅಧ್ಯಕ್ಷರು. ಟೆಲಿಪತಿ, ಅಂದ್ರ ಮನಸ್ಸಿಂದ ಮನಸ್ಸಿಗೆ ನೇರ ಸುದ್ದಿ ಮುಟ್ಟೂದು, ಅನ್ನೋ ಶಬ್ದ ಕಟ್ಟಿದ್ದು ಅದ ವರ್ಷ, ಅದ ಸಂಘದ ಫ್ರೆಡರಿಕ್ ಮಯರ್ಸ್. ಈ ಸಂಘ ಬರೇ ನಂಬೋರ ಕೂಟ ಆಗಿರ್ಲಿಲ್ಲ, ರಿಚರ್ಡ್ ಹಾಜ್ಸನ್ ಅನ್ನೋರನ್ನ ಮದ್ರಾಸಿನ ಅಡ್ಯಾರಕ್ಕ ಕಳಿಸಿ ಥಿಯೋಸಾಫಿಯ ಮೇಡಂ ಬ್ಲಾವಟ್‌ಸ್ಕಿ ಅವರ ಪವಾಡ ತನಿಖೆ ಮಾಡಿಸಿ, 1885ರಾಗ ಅದೆಲ್ಲಾ ಮೋಸ ಅಂತ ವರದಿನೂ ಹಾಕ್ತು. ಸಂಘ ಕಟ್ಟಿದವರಲ್ಲಿ ಒಬ್ಬರು ಡಬ್ಲಿನ್ನಿನ ಫಿಸಿಕ್ಸ್ ಪ್ರೊಫೆಸರ್ ವಿಲಿಯಂ ಬ್ಯಾರೆಟ್, ಇವ್ರು ನೀರು ನೋಡೋರ ಮ್ಯಾಲ ವರ್ಷಗಟ್ಟಲೆ ಕೆಲಸ ಮಾಡಿ 1897 ಮತ್ತ 1900ರಾಗ ಎರಡು ದಪ್ಪ ವರದಿ ಬರದ್ರು. ಕಡ್ಡಿ ಅಲ್ಲಾಡ್ಸೂದು ಸ್ನಾಯು, ಅದರಾಗ ಸಂಶಯ ಇಲ್ಲ ಅಂತ ಒಪ್ಕೊಂಡ್ರು, ಆದ್ರ ಸ್ನಾಯುಗೆ ಆಜ್ಞೆ ಕೊಡೋದು ಒಳಗಿನ ಯಾವುದೋ ಅತೀಂದ್ರಿಯ ಜ್ಞಾನ ಇರ್ಬೇಕು ಅಂತ ನಂಬಿದ್ರು. ಈ ನಂಬಿಕಿ ನಮ್ಮ ನೆಲಕ್ಕೂ ಬಂತು. ಧಾರವಾಡ ಜಿಲ್ಲಾ ಮುಂಬೈ ಪ್ರಾಂತದಾಗ ಇದ್ದ ಕಾಲ ಅದು, 1920ರ ದಶಕದಾಗ ಮುಂಬೈ ಸರ್ಕಾರ ಮೇಜರ್ ಪಾಗ್ಸನ್ ಅನ್ನೋರನ್ನ ಬಾವಿ ಪಾಯಿಂಟ್ ತೋರಸಾಕ ಅಧಿಕೃತವಾಗಿ ಇಟ್ಕೊಂಡಿತ್ತು, ಸರ್ಕಾರಿ ಪಗಾರ ತಗೊಂಡು ನೀರು ನೋಡಿದ ಸಾಹೇಬ್ರು ಅವ್ರು. ಹಂಗಾಗಿ ಇದನ್ನ ಬರೇ ಹಳ್ಳಿ ಮಂದಿ ಮೂಢನಂಬಿಕಿ ಅಂತ ಪ್ಯಾಟಿ ಮಂದಿ ತಳ್ಳಿ ಹಾಕಿದ್ರ ನನಗ ಒಪ್ಪಿಗೆ ಇಲ್ಲ. ಓದಿದವರೂ, ಆಳಿದವರೂ ನಂಬಿದ್ರು.

ನನಗ ಈ ಇಡೀ ಇತಿಹಾಸದಾಗ ಭಾಳ ಹಿಡಿಸಿದ್ದು ಒಂದು ತಿರುವು ಐತಿ. 1884ರಾಗ ಫ್ರಾನ್ಸಿನ ಶಾರ್ಲ್ ರಿಶೆ, ಆಮ್ಯಾಲ 1913ರಾಗ ನೊಬೆಲ್ ತಗೊಂಡ ವಿಜ್ಞಾನಿ, ಟೆಲಿಪತಿ ಪರೀಕ್ಷೆ ಮಾಡಾಕ ಇಸ್ಪೀಟ್ ಎಲಿ ತಗೊಂಡ್ರು. ಕಲಸಿ ಒಂದು ಎಲಿ ತಗಿಯೂದು, ಹಾರ್ಟ್, ಡೈಮಂಡ್ ಇಂಥಾ ನಾಲ್ಕು ಜಾತಿಯಾಗ ಅದು ಯಾವುದು ಅಂತ ಇನ್ನೊಬ್ಬರು ಹೇಳೂದು, ನಾಲ್ಕರಾಗ ಒಂದು ಸಲ ಸುಮ್ಮನ ಹೇಳಿದ್ರೂ ಸರಿ ಬರ್ತದ, ಅದಕ್ಕಿಂತ ಎಷ್ಟು ಹೆಚ್ಚು ಬಂತು ಅಂತ ಲೆಕ್ಕ ಹಾಕೂದು. ಮನುಷ್ಯರ ಮ್ಯಾಲಿನ ಪರೀಕ್ಷೆಗೆ ಯಾದೃಚ್ಛಿಕ ಆಯ್ಕೆ ಮತ್ತ ಸಂಭವನೀಯತೆ ಲೆಕ್ಕ ಜೋಡಿಸಿದ ಮೊದಮೊದಲ ಕೆಲಸದಾಗ ಇದೂ ಒಂದು. 1924ರಾಗ ಅದ ಲಂಡನ್ ಸಂಘದ ಪತ್ರಿಕೆಯೊಳಗ ಇಸ್ಪೀಟ್ ಊಹೆಗೆ ಮಾರ್ಕ್ಸ್ ಹೆಂಗ ಹಾಕ್ಬೇಕು ಅಂತ ಲೇಖನ ಬರದಾವ್ರು ಯಾರು ಗೊತ್ತೇನ್ರಿ, ಆರ್. ಎ. ಫಿಶರ್. ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಓದಿದ ಯಾರನ್ನಾದ್ರೂ ಕೇಳ್ರಿ, ಯತ್ತಿನಗುಡ್ಡದ ಪ್ಲಾಟಿನ್ಯಾಗ ಜೋಳದ ತಳಿ ಟ್ರಯಲ್ ಹಾಕೋ ಮುಂದ ಯಾವ ತಳಿ ಯಾವ ಮಡಿಗೆ ಅನ್ನೋದನ್ನ ಚೀಟಿ ಎತ್ತಿದಂಗ ಹಂಚ್ತಾರ, ಇಲ್ಲಂದ್ರ ಒಳ್ಳೆ ಮಣ್ಣಿನ ಮಡಿ ನಮಗ ಬೇಕಾದ ತಳಿಗೇ ಹೋಗಿ ಬಿಡ್ತದ. ಆ ಪದ್ಧತಿ ಕಲಿಸಿದ್ದು ಇದ ಫಿಶರ್, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಾಗ ಕುಂತು. ಬೀಜಕ್ಕ ಒಂದು ನ್ಯಾಯ, ಬೋರಿನ ಪಾಯಿಂಟಿಗೆ ಇನ್ನೊಂದು ನ್ಯಾಯ ಅಂತ ಇರಾಕ ಆಗೂದಿಲ್ಲ.

ಈ ಕ್ಷೇತ್ರಕ್ಕ ಲ್ಯಾಬಿನ ರೂಪ ಕೊಟ್ಟಾವ್ರು ಅಮೆರಿಕಾದ ಡ್ಯೂಕ್ ಯುನಿವರ್ಸಿಟಿಯ ಜೆ. ಬಿ. ರೈನ್. ಡಾಕ್ಟರೇಟ್ ಮಾಡಿದ್ದು ಸಸ್ಯಶಾಸ್ತ್ರದಾಗ, ಮನಸ್ಸು ಹೋಗಿದ್ದು ಇದರ ಕಡೆ. ಅವರ ಸಹೋದ್ಯೋಗಿ ಕಾರ್ಲ್ ಝೆನರ್ ಐದು ಚಿತ್ರದ ಎಲಿ ಮಾಡಿ ಕೊಟ್ರು, ವೃತ್ತ, ಪ್ಲಸ್, ಅಲಿ, ಚೌಕ, ನಕ್ಷತ್ರ, ಒಂದೊಂದು ಐದೈದು ಅಂತ ಒಟ್ಟು 25 ಎಲಿ. ಕಣ್ಣು ಮುಚ್ಚಿ ಹೇಳಿದ್ರೂ ಸರಾಸರಿ 5 ಸರಿ ಬರ್ತಾವ. 1933-34ರಾಗ ಹ್ಯೂಬರ್ಟ್ ಪಿಯರ್ಸ್ ಅನ್ನೋ ವಿದ್ಯಾರ್ಥಿ ಒಂದು ಕಟ್ಟಡದಾಗ, ಎಲಿ ಇನ್ನೊಂದು ಕಟ್ಟಡದಾಗ, 1850 ಸಲ ಊಹೆ ಮಾಡಿದ್ರಾಗ 370 ಸರಿ ಬರ್ಬೇಕಾದಲ್ಲಿ 558 ಬಂದ್ವು. ಇದು ಸಣ್ಣ ಫರಕ್ ಅಲ್ಲ, ಅದೃಷ್ಟ ಅಂತ ಹೇಳಾಕ ಬರೂದಿಲ್ಲ. 1934ರಾಗ ರೈನ್ ಪುಸ್ತಕ ಬಂದ ಮ್ಯಾಲ ಇಎಸ್‌ಪಿ, ಅಂದ್ರ ಕಣ್ಣು ಕಿವಿ ಇಲ್ದ ತಿಳಿಯೋ ಶಕ್ತಿ, ಅನ್ನೋ ಶಬ್ದ ಮನಿ ಮನಿ ಮುಟ್ತು. ಲೆಕ್ಕ ತಪ್ಪಿರ್ಬೇಕು ಅಂತ ಕೆಲವ್ರು ಹೇಳಿದ್ರು, ಆದ್ರ 1937ರಾಗ ಗಣಿತ ಸಂಖ್ಯಾಶಾಸ್ತ್ರ ಸಂಸ್ಥೆಯ ಅಧ್ಯಕ್ಷರು, ಲೆಕ್ಕದಾಗ ತಪ್ಪಿಲ್ಲ ಅಂತ ಹೇಳಿಕೆ ಕೊಟ್ರು. ದೋಷ ಇದ್ದದ್ದು ಲೆಕ್ಕದಾಗ ಅಲ್ಲ, ಖೋಲ್ಯಾಗ. ಕೆಲವು ಎಲಿ ಹಿಂದಿಂದ ಬೆಳಕಿಗೆ ಹಿಡಿದ್ರ ಚಿತ್ರದ ಅಚ್ಚು ಕಾಣ್ತಿತ್ತು, ಪಿಯರ್ಸ್ ಕುಂತ ಖೋಲಿಗೆ ಕಾವಲು ಯಾರೂ ಇರ್ಲಿಲ್ಲ, ಎದ್ದು ಹೋಗಿ ನೋಡಾಕ ಆಗ್ತಿತ್ತು ಅಂತ ಆಮ್ಯಾಲ ಹ್ಯಾನ್ಸೆಲ್ ಅನ್ನೋ ಸೈಕಾಲಜಿಸ್ಟ್ ತೋರಿಸಿದ್ರು. ಖರೇನ ಎದ್ದು ಹೋಗಿದ್ರು ಅಂತ ಪುರಾವೆ ಇಲ್ಲ, ಆದ್ರ ಹೋಗಾಕ ಬರ್ತಿತ್ತು ಅಂದ ಮ್ಯಾಲ ಆ ಪರೀಕ್ಷೆಯ ತೂಕ ಕಮ್ಮಿ ಆತು. ಬಿಗಿ ಹೆಚ್ಚಾದಂಗ ಹೆಚ್ಚಾದಂಗ ಅಂಥಾ ದೊಡ್ಡ ಅಂಕಿ ಮತ್ತ ಬರ್ಲಿಲ್ಲ. ರೈನ್ ಜೊತಿ ಕೆಲಸ ಮಾಡಿ ಬಂದ ನಮ್ಮ ಕೆ. ರಾಮಕೃಷ್ಣ ರಾವ್ ಅವ್ರು ವಿಶಾಖಪಟ್ಟಣದ ಆಂಧ್ರ ಯುನಿವರ್ಸಿಟಿಯಾಗ 1967ರಾಗ ಪ್ಯಾರಾಸೈಕಾಲಜಿ, ಅಂದ್ರ ಅತೀಂದ್ರಿಯ ಶಕ್ತಿ ಅಧ್ಯಯನದ ವಿಭಾಗನ ಕಟ್ಟಿದ್ರು, ಅಂದ್ರ ಇದು ಬರೇ ಅವರ ದೇಶದ ಕಥಿ ಅಲ್ಲ.

ಮೋಸದ ಕಥಿನೂ ಹೇಳ್ಬೇಕು, ಯಾಕಂದ್ರ ಅದನ್ನ ಹಿಡದಾವ್ರು ಬಹಳ ಸಲ ಒಳಗಿನವರ. ಇಂಗ್ಲೆಂಡಿನ ಗಣಿತಜ್ಞ ಸೋಲ್ 1940ರ ದಶಕದಾಗ ಮಾಡಿದ ಟೆಲಿಪತಿ ಪ್ರಯೋಗಗಳು ಭಾಳ ಬಿಗಿ ಅಂತ ಹೆಸರಾಗಿದ್ವು, 1978ರಾಗ ಬೆಟ್ಟಿ ಮಾರ್ಕ್‌ವಿಕ್ ಅನ್ನೋರು ಅವರ ಸಂಖ್ಯೆ ಪಟ್ಟಿ ಒಂದೊಂದಾಗಿ ತಾಳಿ ನೋಡಿ, ನಡುನಡುವ ಹೊಸ ಅಂಕಿ ತುರುಕ್ಯಾರ, ಆ ತುರುಕಿದ ಅಂಕಿಗಳ ಹೆಚ್ಚಾಗಿ ಸರಿ ಉತ್ತರ ಆಗ್ಯಾವ ಅಂತ ತೋರಿಸಿಕೊಟ್ರು. ಮಾರ್ಕ್‌ವಿಕ್ ಅದ ಲಂಡನ್ ಸಂಘದ ಸದಸ್ಯರ, ಸೋಲ್ ನಿರ್ದೋಷಿ ಅಂತ ತೋರಸಾಕ ಹೊಂಟಾವ್ರು. ರೈನ್ ಅವರ ಸಂಸ್ಥೆಯೊಳಗ ಮುಂದಿನ ಡೈರೆಕ್ಟರ್ ಅಂತ ಇಟ್ಟಿದ್ದ ವಾಲ್ಟರ್ ಲೆವಿ ಇಲಿ ಪ್ರಯೋಗದ ಮಷಿನ್ನಿನ್ಯಾಗ ಕೈ ಆಡಿಸೂದನ್ನ 1974ರಾಗ ಜೊತಿಗಿದ್ದ ಹುಡುಗರು ಕದ್ದು ನೋಡಿ ಹಿಡಿದ್ರು, ಲೆವಿ ಕೆಲಸ ಬಿಡಬೇಕಾತು, ಈ ಸುದ್ದಿನ ರೈನ್ ತಮ್ಮ ಪತ್ರಿಕೆಯೊಳಗ ತಾವ ಬರದು ಹಾಕಿದ್ರು. ಅಷ್ಟು ವಯಸ್ಸಿನ್ಯಾಗ ತಾನು ಬೆಳಸಿದ ಹುಡುಗನ ಬಗ್ಗೆ ಹಂಗ ಬರಿಯೂದಕ್ಕ ಎದಿ ಬೇಕು, ರೈನ್ ಬಗ್ಗೆ ನನಗ ಗೌರವ ಹುಟ್ಟಿದ್ದು ಆ ಕಾರಣಕ್ಕ.

ಮತ್ತ ಜಾದೂಗಾರ ಜೇಮ್ಸ್ ರ‍್ಯಾಂಡಿ. 1979ರಾಗ ವಾಷಿಂಗ್ಟನ್ ಯುನಿವರ್ಸಿಟಿಗೆ 5 ಲಕ್ಷ ಡಾಲರ್ ದೇಣಿಗೆ ಬಂದು ಅತೀಂದ್ರಿಯ ಲ್ಯಾಬ್ ತಗದ್ರು. ರ‍್ಯಾಂಡಿ ಇಬ್ಬರು ಹದಿಹರೆಯದ ಜಾದೂ ಹುಡುಗರನ್ನ, ಸ್ಟೀವ್ ಶಾ ಮತ್ತ ಮೈಕೇಲ್ ಎಡ್ವರ್ಡ್ಸ್, ಶಕ್ತಿವಂತರು ಅಂತ ಅಲ್ಲಿಗೆ ಕಳಿಸಿದ್ರು. ಮೊದಲ ಲ್ಯಾಬಿಗೆ ಪತ್ರ ಬರದು ಇಂಥಿಂಥಾದ್ರಾಗ ಎಚ್ಚರ ಇರ್ರಿ, ಜಾದೂಗಾರನ್ನ ಒಬ್ಬನ್ನ ಜೊತಿಗಿಟ್ಕೊಳ್ರಿ ಅಂತನೂ ಹೇಳಿದ್ರು. ಹುಡುಗರು ಚಮಚಕ್ಕ ಕಟ್ಟಿದ ಚೀಟಿ ಅದಲು ಬದಲು ಮಾಡ್ತಿದ್ರು, ಪಿನ್ ಹೊಡದ ಲಕೋಟೆಯ ಪಿನ್ ಉಗುರಿಲೆ ತಗದು ಒಳಗ ನೋಡಿ ಅದ ತೂತಿಗೆ ವಾಪಸ್ ಸಿಕ್ಕಿಸ್ತಿದ್ರು. ಸುಮಾರು ನಾಲ್ಕು ವರ್ಷ ನಡದು 1983ರಾಗ ರ‍್ಯಾಂಡಿ ಎಲ್ಲಾ ಬಹಿರಂಗ ಮಾಡಿದ್ರು. ಪಿಎಚ್‌ಡಿ ಆದವರ ಕಣ್ಣಿಗೆ ಮಣ್ಣೆರಚೂದು ಎಷ್ಟು ಸರಳ ಅಂತ ಇದರಾಗ ಕಂಡ್ತು, ನಿಸರ್ಗ ಮೋಸ ಮಾಡೂದಿಲ್ಲ ಅಂತ ರೂಢಿಯಾದ ವಿಜ್ಞಾನಿಗೆ ಮನುಷ್ಯ ಮೋಸ ಮಾಡ್ತಾನ ಅನ್ನೋದು ಲಗೂನ ಹೊಳಿಯೂದಿಲ್ಲ. ಅಮೆರಿಕಾ ಸರ್ಕಾರನೂ ಕುಂತಲ್ಲೇ ದೂರದ ಜಾಗ ನೋಡೋ ಗೂಢಚಾರರನ್ನ ತಯಾರ ಮಾಡ್ತೀವಿ ಅಂತ 1972ರಿಂದ 1995ರ ತನಕ ಸುಮಾರು 2 ಕೋಟಿ ಡಾಲರ್ ಸುರೀತು, ಕಡೀಕ ಯಾವ ಗುಪ್ತಚರ ಕೆಲಸಕ್ಕೂ ಇದರಿಂದ ಉಪಯೋಗ ಆಗಿಲ್ಲ ಅಂತ ವರದಿ ಬಂದು ಮುಚ್ಚಿದ್ರು. ಬಾಗ್ದಾದಿನ ಚೆಕ್‌ಪೋಸ್ಟುಗಳಾಗ ಇದಕ್ಕಿಂತ ಘೋರ ಆಗಿತ್ತು, ಕವಲು ಕಡ್ಡಿಯಂಥಾದ್ದ ಒಂದು ಆಂಟೆನಾ ಹಿಡಿಕಿ ಎಡಿಇ 651 ಅನ್ನೋ ಹೆಸರಿಲೆ ಬಾಂಬ್ ಪತ್ತೆ ಮಷಿನ್ ಅಂತ ಮಾರಿದ್ರು, ಒಳಗ ಏನೂ ಇರ್ಲಿಲ್ಲ. ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಾಗ ಬ್ರಿಟನ್ ಕೋರ್ಟು 10 ವರ್ಷ ಶಿಕ್ಷೆ ಕೊಡ್ತು.

ಇದೆಲ್ಲಾ ಹಳೇದು ಅನ್ನಬ್ಯಾಡ್ರಿ. 2011ರಾಗ ಕಾರ್ನೆಲ್ ಯುನಿವರ್ಸಿಟಿಯ ಡ್ಯಾರಿಲ್ ಬೆಮ್, ಹೆಸರಾಂತ ಸೈಕಾಲಜಿಸ್ಟ್, ಮುಂದ ಆಗೋದು ಮನಸ್ಸಿಗೆ ಮೊದಲ ಗೊತ್ತಾಗ್ತದ ಅಂತ 9 ಪ್ರಯೋಗ, 1000ಕ್ಕಿಂತ ಹೆಚ್ಚು ಮಂದಿ ಮ್ಯಾಲ ಮಾಡಿದ್ದನ್ನ ದೊಡ್ಡ ಪತ್ರಿಕೆಯೊಳಗ ಪ್ರಕಟ ಮಾಡಿದ್ರು. ಒಂದರಾಗ ನೂರಕ್ಕ 50 ಬರ್ಬೇಕಾದಲ್ಲಿ 53.1 ಬಂದಿತ್ತು. ಬೇರೇವ್ರು ಹಂಗ ಮಾಡಿ ನೋಡಿದ್ರು, ಬರ್ಲಿಲ್ಲ. ಆ ಬರ್ಲಿಲ್ಲ ಅನ್ನೋ ಫಲಿತಾಂಶವನ್ನ ಅದ ಪತ್ರಿಕೆ ಛಾಪಿಸಾಕ ಒಪ್ಪಲಿಲ್ಲ, ಹಳೇ ಪ್ರಯೋಗ ಮತ್ತ ಮಾಡಿದ್ದನ್ನ ನಾವು ಹಾಕೂದಿಲ್ಲ ಅಂದ್ರು. ಅಲ್ಲೇ ಬೆಂಕಿ ಹತ್ತಿದ್ದು. ಬೆಮ್ ಬಳಸಿದ್ದು ಎಲ್ಲಾ ಸೈಕಾಲಜಿಸ್ಟರೂ ದಿನಾ ಬಳಸೋ ವಿಧಾನ, ಹಂಗಾದ್ರ ಉಳಿದ ಸಂಶೋಧನೆನೂ ಇಷ್ಟ ಗಟ್ಟಿ ಏನು ಅಂತ ಪ್ರಶ್ನೆ ಎದ್ದಿತು. 2015ರಾಗ 100 ಸೈಕಾಲಜಿ ಅಧ್ಯಯನಗಳನ್ನ ಮತ್ತ ಮಾಡಿ ನೋಡಿದಾಗ 36ರ ಆಸುಪಾಸಷ್ಟ ಹಿಂದಿನಂಗ ಗಟ್ಟಿ ಫಲಿತಾಂಶ ಕೊಟ್ವು. ಈಗ ಪ್ರಯೋಗ ಶುರು ಮಾಡೋಕಿಂತ ಮೊದಲ ಏನು ಅಳೀತೀನಿ, ಎಷ್ಟು ಸಲ ಅಳೀತೀನಿ ಅಂತ ಬರದು ದಾಖಲು ಮಾಡ್ಸೂದು ರೂಢಿ ಆಗೇತಿ. ಗೆದ್ದದ್ದನ್ನ ಛಾಪಿಸಿ ಸೋತಿದ್ದನ್ನ ಕಪಾಟಿನ್ಯಾಗ ಇಟ್ರ ಎಂಥಾ ಸುಳ್ಳೂ ಖರೆ ಆಗಿ ಕಾಣ್ತದ ಅಂತ ವಿಜ್ಞಾನಕ್ಕ ಗಟ್ಟಿಯಾಗಿ ಕಲಿಸಿದ್ದು ಈ ಅತೀಂದ್ರಿಯದ ಜಗಳನ.

ಈಗ ವಾಪಸ್ ನೀರಿಗೆ ಬರೂಣು. 1987-88ರಾಗ ಜರ್ಮನಿಯ ಮ್ಯೂನಿಕ್ ಹತ್ರ ಸರ್ಕಾರದ ರೊಕ್ಕದಾಗ ದೊಡ್ಡ ಪರೀಕ್ಷೆ ನಡೀತು, ನಡಸಿದ ಫಿಸಿಕ್ಸ್ ಪ್ರೊಫೆಸರ್ ಬೆಟ್ಝ್ ಇದನ್ನ ನಂಬೋರ ಪೈಕಿ. ಸುಮಾರು 500 ನೀರು ನೋಡೋರನ್ನ ಕರದು ಅದರಾಗ ಹುಷಾರಿದ್ದ 43 ಮಂದಿನ್ನ ಆರಿಸಿದ್ರು. ಎರಡು ಅಂತಸ್ತಿನ ಕೊಟ್ಟಿಗಿ, ಕೆಳಗ ಒಂದು ಗಾಡಿ ಮ್ಯಾಲ ನೀರು ಹರಿಯೋ ಪೈಪು, ಗಾಡಿ ಎಲ್ಲಿ ನಿಲ್ಲಸ್ಬೇಕು ಅನ್ನೋದನ್ನ ಯಾದೃಚ್ಛಿಕವಾಗಿ ಆರಿಸ್ತಿದ್ರು, ಮ್ಯಾಲಿನ ಅಂತಸ್ತಿನ್ಯಾಗ 10 ಮೀಟರ್ ಗೆರಿ ಮ್ಯಾಲ ಕಡ್ಡಿ ಹಿಡಿದು ನಡದು ಪೈಪು ಎಲ್ಲೈತಿ ಅಂತ ಹೇಳ್ಬೇಕು. 843 ಸಲ ಮಾಡಿದ್ರು. ಹೆಚ್ಚಿನವ್ರು ಫೇಲ್, ಆದ್ರ ಆರು ಮಂದಿಗೆ ಖರೇನ ಶಕ್ತಿ ಐತಿ ಅಂತ ಬೆಟ್ಝ್ ತಂಡ ಹೇಳ್ತು. ಜಿಮ್ ಎನ್‌ರೈಟ್ ಅನ್ನೋ ಅಮೆರಿಕಾದ ವಿಜ್ಞಾನಿ ಅವರ ಅಂಕಿನ ತಗೊಂಡು ಬೇರೆ ಲೆಕ್ಕ ಹಾಕಿದ್ರು. ಒಬ್ಬ ಮನುಷ್ಯ ಕಡ್ಡಿನೂ ಹಿಡೀದ, ಮ್ಯಾಲೂ ಹತ್ತದ, ಪ್ರತಿ ಸಲ "ನಟ್ಟ ನಡುವ ಐತಿ" ಅಂತ ಹೇಳ್ಕೋತ ಹೋದ್ರ ಎಷ್ಟು ಮೀಟರ್ ತಪ್ಪು ಆಗ್ತದ? ಎಲ್ಲಾರಿಗಿಂತ ಉತ್ತಮ ಅನ್ನಿಸ್ಕೊಂಡಾತ ಅಂಥವನಿಗಿಂತ ಸರಾಸರಿ 4 ಮಿಲಿಮೀಟರ್ ಹತ್ರ ಇದ್ದ. 10 ಮೀಟರಿನ್ಯಾಗ 4 ಮಿಲಿಮೀಟರ್, ಅಂದ್ರ ಒಂದು ಕಡಲಿಕಾಳಿನ ಅಗಲನೂ ಇಲ್ಲ. ಕಾಸೆಲ್ ಅನ್ನೋ ಊರಾಗ ಇನ್ನೊಂದು ಪರೀಕ್ಷೆ ಆತು, 50 ಸೆಂಟಿಮೀಟರ್ ಆಳದಾಗ ಪ್ಲಾಸ್ಟಿಕ್ ಪೈಪು ಹುಗದು ಜಾಗಾನೂ ತೋರಿಸಿ, ಈಗ ಒಳಗ ನೀರು ಹರಿಯಾಕತ್ತೈತೋ ಇಲ್ಲೋ ಅಷ್ಟ ಹೇಳ್ರಿ ಅಂದ್ರು. ಸುಮಾರು 30 ಮಂದಿ ಬಂದಿದ್ರು, ಪರೀಕ್ಷೆ ನ್ಯಾಯವಾಗೈತಿ, ನಮಗ ಪೂರಾ ಸರಿ ಬರ್ತದ ಅಂತ ಮೊದಲ ಸಹಿ ಹಾಕಿದ್ರು. ನಾಣ್ಯ ಚಿಮ್ಮಿದ್ರ ಎಷ್ಟು ಬರ್ತಿತ್ತೋ ಅಷ್ಟ ಬಂತು.

ನೀರು ನೋಡೋರ ಪರವಾಗಿ ಇರೋ ಗಟ್ಟಿ ಅಂಕಿನೂ ಹೇಳ್ತೀನಿ, ಮುಚ್ಚಿಡಬಾರ್ದು. ಅದ ಬೆಟ್ಝ್ 1995ರಾಗ ಬರದ ವರದಿ ಪ್ರಕಾರ ಜರ್ಮನಿಯ ನೆರವಿನ ಯೋಜನಾದಾಗ ಶ್ರೀಲಂಕಾದ ಒಣ ಪ್ರದೇಶದಾಗ ಶ್ರೋಟರ್ ಅನ್ನೋ ಒಬ್ಬರು ಕಡ್ಡಿ ಹಿಡಿದು ತೋರಿಸಿದ 691 ಬೋರಿನ್ಯಾಗ ನೂರಕ್ಕ 96 ನೀರು ಬಿದ್ವು. ಓದಿದ ಕೂಡ್ಲೇ ನಾನೂ ಬೆರಗಾದೆ. ಆದ್ರ ಶ್ರೋಟರ್ ಅನುಭವಸ್ಥ ಎಂಜಿನಿಯರು, ನೆಲ ನೋಡಿ, ಗಿಡ ನೋಡಿ, ಇಳಿಜಾರು ನೋಡಿ ಹೇಳೋ ಕಣ್ಣು ಇತ್ತು, ಮತ್ತ ಅದ ಊರಾಗ ಅವ್ರು ಬ್ಯಾಡ ಅಂದ ಜಾಗದಾಗ, ಇಲ್ಲಾ ಚೀಟಿ ಎತ್ತಿ ಆರಿಸಿದ ಜಾಗದಾಗ ಬೋರು ಹಾಕಿ ಎಷ್ಟು ಬೀಳ್ತಾವ ಅಂತ ತಾಳಿ ನೋಡ್ಲಿಲ್ಲ. ಫಿಶರ್ ಪದ್ಧತಿಯಾಗ ಹೋಲ್ಸಿ ನೋಡಾಕ ಬೇಕಾದ ಎರಡನೇ ಮಡಿನ ಅಲ್ಲಿ ಇರ್ಲಿಲ್ಲ. ಊರಾಗ ಹತ್ತು ಬೋರಿಗೆ ಎಂಟು ಹೆಂಗೂ ಬೀಳ್ತಿದ್ರ, ನಾನು ಬೆಕ್ಕು ಬಿಟ್ಟು ಅದು ಕುಂತಲ್ಲೆ ಪಾಯಿಂಟ್ ಹಾಕಿದ್ರೂ ಎಂಟು ಬೀಳ್ತಾವ.

ನಮ್ಮ ನೆಲದ ಗುಣ ತಿಳ್ಕೊಂಡ್ರ ಇದು ಇನ್ನೂ ಸ್ಪಷ್ಟ ಆಗ್ತದ. ಕಾಯಿ ಹಿಡಿಯೋರು ನೀರಿನ ಸೆಲೆ ಅಂತ ಹೇಳ್ತಾರ, ನೆಲದೊಳಗ ಹೊಳಿ ಹರಿದಂಗ ನೀರಿನ ದಾರಿ ಐತಿ ಅಂತ ಚಿತ್ರ ಕೊಡ್ತಾರ. ನಮ್ಮದು ಗಟ್ಟಿ ಕಲ್ಲಿನ ನಾಡು, 1880ರ ದಶಕದಾಗ ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ಧಾರವಾಡದ ಹೆಸರನ್ನ ಇಲ್ಲಿಯ ಶಿಲಾ ಪದರಕ್ಕ ಇಟ್ರು, ಜಗತ್ತಿನ ಭೂವಿಜ್ಞಾನದ ಪುಸ್ತಕದಾಗ ಇವತ್ತಿಗೂ ಆ ಹೆಸರು ಐತಿ. ಈ ಕಲ್ಲಿನ್ಯಾಗ ನೀರು ನಿಲ್ಲೋದು ಎರಡು ಕಡೆ, ಮ್ಯಾಲಿನ ಕೊಳತ ಕಲ್ಲು, ಮೊರಂ ಇರೋ ಪದರದಾಗ, ಅದರ ಕೆಳಗ ಕಲ್ಲು ಒಡದ ಬಿರುಕಿನ್ಯಾಗ. ಹಿಂದಿನ ಕಾಲದ ಬಾವಿ ತೋಡ್ತಿದ್ದದ್ದು ಮ್ಯಾಲಿನ ಪದರಕ್ಕ, ತಗ್ಗಿನ ಜಾಗದಾಗ, ಹಳ್ಳದ ದಂಡಿಗೆ ಎಲ್ಲಿ ತೋಡಿದ್ರೂ ಒಂದಿಷ್ಟು ನೀರು ಸಿಗ್ತಿತ್ತು. "ನಮ್ಮ ಮುತ್ಯಾ ತೋರಿಸಿದ ಬಾವಿ ಒಂದೂ ಫೇಲ್ ಆಗಿಲ್ಲ" ಅನ್ನೋ ಮಾತು ಖರೆ ಇರ್ಬಹುದು, ಮುತ್ಯಾನ ಕಣ್ಣು ನೆಲ ಓದ್ತಿತ್ತು. ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ದಕಾರ್ಗಲ ಅನ್ನೋ ಅಧ್ಯಾಯದಾಗ ಇಂಥಾ ಗಿಡದ ಹತ್ರ ಹುತ್ತ ಇದ್ರ ಇಷ್ಟು ಆಳಕ್ಕ ನೀರು ಅಂತ ಬರದಾರ, ಅದೂ ನೆಲ ಓದೋ ಪ್ರಯತ್ನನ. ಈಗ ಆ ಮ್ಯಾಲಿನ ಪದರ ಬತ್ತಿ ಹೋಗಿ ನಾವು 500 ಫೂಟಿನ ಕೆಳಗ ಕೂದಲೆಳೆ ಬಿರುಕು ಹುಡುಕಾಕತ್ತೀವಿ, 10 ಫೂಟ್ ಆಚೆ ಈಚೆ ಆದ್ರ ಎರಡಿಂಚು ನೀರೂ ಇರ್ತದ, ಬರೇ ಪುಡಿನೂ ಇರ್ತದ. ಮುತ್ಯಾನ ಕಾಲದ ಹೆಸರಿನ ಮ್ಯಾಲ ಇವತ್ತಿನ ಕಾಯಿ ನಡದೈತಿ. ಭೂವಿಜ್ಞಾನದವ್ರು ನಾಲ್ಕು ಸರಳು ನೆಲಕ್ಕ ಊರಿ ಕರೆಂಟ್ ಬಿಟ್ಟು ಪ್ರತಿರೋಧ ಅಳದು ಕೊಳತ ಪದರ ಎಷ್ಟು ದಪ್ಪ ಐತಿ, ಒದ್ದಿ ಎಲ್ಲೈತಿ ಅಂತ ಅಂದಾಜು ಹೇಳ್ತಾರ, ಅದೂ ಫೇಲ್ ಆಗ್ತದ, ಆದ್ರ ಯಾಕ ಫೇಲ್ ಆತು ಅಂತ ಕಾಗದದ ಮ್ಯಾಲ ನೋಡಾಕ ಬರ್ತದ, ಮುಂದಿನ ಸಲ ತಿದ್ದಾಕ ಬರ್ತದ.

ಈ ದೀಪಾವಳಿ ಮುಗದ ಮ್ಯಾಲ ಆ ಹಿರಿಯರನ್ನ ನಾನ ಹೋಗಿ ಭೆಟ್ಟಿ ಆದೆ. ಎಲ್ಲಾ ಹೇಳಿ, "ಅಜ್ಜಾರ, ಒಂದು ಸಲ ಕಣ್ಣಿಗೆ ಬಟ್ಟಿ ಕಟ್ಕೊಂಡು ನೋಡೂಣೇನ್ರಿ, ಮಂದಿ ಯಾರನ್ನೂ ಕರಿಯೂದು ಬ್ಯಾಡ, ನೀವು, ನಾನು, ಕಾಕಾ ಅಷ್ಟ" ಅಂದೆ. ಸಿಟ್ಟಿಗೇಳ್ತಾರ ಅನ್ಕೊಂಡಿದ್ದೆ, ಅವ್ರು "ನೋಡೂಣು ನಡಿಯಪಾ, ನನಗೂ ಗೊತ್ತಾಗ್ಲಿ" ಅಂತ ಕಾಯಿ ತಗೊಂಡ ಎದ್ರು. ಮೊದಲು ಕಣ್ಣು ಬಿಟ್ಟು ಎರಡು ಸಲ ನಡದ್ರು, ಎರಡೂ ಸಲ ಬನ್ನಿ ಗಿಡದ ಬಾಜೂಕ ಒಂದ ಜಾಗದಾಗ ಕಾಯಿ ಎದ್ದಿತು, ಅಲ್ಲಿ ಸುಣ್ಣ ಹಾಕಿದೆ. ಆಮ್ಯಾಲ ಕಾಕಾನ ರುಮಾಲಲೇ ಕಣ್ಣು ಕಟ್ಟಿ, ಭುಜ ಹಿಡಿದು ನಾಲ್ಕು ಸುತ್ತು ತಿರಗಿಸಿ ಹೊಲದ ಬ್ಯಾರೆ ಬ್ಯಾರೆ ಮೂಲಿಯಿಂದ ಮೂರು ಸಲ ನಡಸಿದ್ವಿ. ಎಡವದಂಗ ಕೈ ಹಿಡಿಯೋ ಕೆಲಸ ಕಾಕಾಂದು, ಸುಣ್ಣದ ಜಾಗ ಎಲ್ಲೈತಿ ಅಂತ ಕಾಕಾಗೂ ಗೊತ್ತಿತ್ತಲ್ಲ, ಅದಕ್ಕ ಅವಂದೂ ಕಣ್ಣು ಕಟ್ಬೇಕಿತ್ತು ಅಂತ ನನಗ ಆಮ್ಯಾಲ ಹೊಳೀತು, ಮುಂದಿನ ಸಲ ಹುಡುಗರನ್ನ ಯಾರನ್ನಾದ್ರೂ ಕರಕೊಂಡು ಹೋಗ್ತೀನಿ. ಕಾಯಿ ಮೂರೂ ಸಲ ಎದ್ದಿತು. ಮೂರೂ ಸಲ ಬ್ಯಾರೆ ಜಾಗದಾಗ, ಒಂದು ಸುಣ್ಣದಿಂದ ಹದಿನಾರು ಹೆಜ್ಜಿ, ಒಂದು ಮೂವತ್ತರ ಮ್ಯಾಲ, ಇನ್ನೊಂದು ನಮ್ಮ ಎರಡನೇ ಫೇಲ್ ಬೋರಿನ ಕೇಸಿಂಗ್ ಹತ್ರಾನ. ಅಜ್ಜಾರು ರುಮಾಲು ಬಿಚ್ಚಿ ನೋಡಿ ಭಾಳ ಹೊತ್ತು ಮಾತಾಡ್ಲಿಲ್ಲ, ಕಾಯಿ ತಿರಗಿಸಿ ತಿರಗಿಸಿ ನೋಡಿದ್ರು, "ಕೈಯಾಗ ಎದ್ದಿದ್ದು ಖರೇನ ಅನಸ್ತು ನೋಡು" ಅಂದ್ರು. ಅದು ಖರೆ, ಫ್ಯಾರಡೆ ಮುಂದ ಟೇಬಲ್ ಸುತ್ತ ಕುಂತವರಿಗೂ ಖರೇನ ಅನಸಿತ್ತು.

ಮೂರು ಸಲದಾಗ ಏನೂ ಸಿದ್ಧ ಆಗೂದಿಲ್ಲ, ಅದಕ್ಕ ಒಂದು ವಹಿ ಇಟ್ಟೀವಿ. ನಮ್ಮ ಓಣ್ಯಾಗಿನ ಹೊಲದವರೆಲ್ಲಾ ಇನ್ನ ಮುಂದ ಬೋರು ಹಾಕ್ಸೋ ಮೊದಲ ಅದರಾಗ ಬರೀಬೇಕು, ಯಾವ ಸರ್ವೆ ನಂಬರು, ಪಾಯಿಂಟ್ ಯಾರು ಕೊಟ್ರು, ಕಾಯಿನೋ ಕಡ್ಡಿನೋ ಮಷಿನ್ನೋ, ಎಷ್ಟು ಫೂಟಿಗೆ ಎಷ್ಟು ಇಂಚು ಅಂತ ಹೇಳಿದ್ರು, ಲಾರಿ ಹೋದ ಮ್ಯಾಲ ಎಷ್ಟು ಬಂತು. ಹಳೇವನ್ನೂ ನೆನಪಿದ್ದಷ್ಟು ಬರಸಾಕತ್ತೀನಿ. ಬಂದವ್ರು ಎಲ್ಲಾರೂ ಮೊದಲ ನೀರು ಬಿದ್ದ ಬೋರಿನ ಕಥಿನ ಹೇಳಾಕ ಶುರು ಮಾಡ್ತಾರ, ಎಷ್ಟು ಎತ್ತರ ಚಿಮ್ತು, ಯಾರ‍್ಯಾರು ಬಂದು ಕಾಯಿ ಒಡದ್ರು ಅಂತ, ಫೇಲ್ ಆದವನ್ನ ಕೇಳಿದ್ರ ನೆಲ ನೋಡ್ತಾರ. ಮೊನ್ನೆ ಸಂಜಿಕ ಕಟ್ಟಿ ಮ್ಯಾಲ ಕುಂತಾಗ ಕಾಕಾ ವಹಿ ನನ್ನ ಕೈಯಿಂದ ಇಸ್ಕೊಂಡು, ಕನ್ನಡಕ ಹಾಕ್ಕೊಂಡು, ತಾನ ಬರ್ಯಾಕ ಕುಂತ. 380, 450, 560. ಮೂರರ ಮುಂದೂ ನೀರು ಅನ್ನೋ ಕಲಂನ್ಯಾಗ ಸೊನ್ನಿ ಸುತ್ತಿ, ಪೆನ್ನು ನನ್ನ ಕೈಗೆ ಕೊಟ್ಟು, "ಅಜ್ಜಾರ ಮನಿ ಹೊಲದಾಗಿನ ಎರಡೂ ಕೇಳ್ಕೊಂಡು ಬಾ" ಅಂದ.